ಹೆಬ್ಬೆರಳಿನ ಅಳತೆ

ಹೋದ ವಾರ ಗೋಕುಲ ರಸ್ತೆಯಲ್ಲಿ ನನ್ನ ಸ್ಕೂಟಿಯ ಹಿಂದಿನ ಗಾಲಿ ಕೂತುಬಿಟ್ಟಿತು. ನಿಜ ಹೇಳಬೇಕೆಂದರೆ ನನಗೆ ಬೇಸರವೇನೂ ಆಗಲಿಲ್ಲ. ನೂರು ಹೆಜ್ಜೆ ತಳ್ಳಿದರೆ ಖಾದರಸಾಬರ ಪಂಕ್ಚರ್ ಅಂಗಡಿ. ಅಲ್ಲಿಗೆ ಹೋಗಲು ಒಂದು ನೆಪ ಸಿಕ್ಕಿದಂತಾಯಿತು. ಬಾಗಿಲಿಗೆ ಬರುತ್ತಿದ್ದಂತೆ ಸೊಲ್ಯೂಷನ್ನಿನ ಘಾಟು, ನೆನೆದ ರಬ್ಬರಿನ ವಾಸನೆ, ಕಂಪ್ರೆಸರಿನ ಬುಸ್ಸೆನ್ನುವ ಸದ್ದು ಎಲ್ಲ ಒಟ್ಟಿಗೇ ಎದುರು ಬಂದವು. ಬೇರೆಯವರಿಗೆ ಅದು ಗ್ಯಾರೇಜಿನ ವಾಸನೆ. ನನಗೆ ಮಾತ್ರ ಐಸಿಯು ನೆನಪಾಗುತ್ತದೆ, ಅದೂ ಒಂದೇ ಒಂದು ಮಳೆಗಾಲದ ಐಸಿಯು. ನಗಬೇಡಿ, ಕಾರಣ ಇದೆ.

ಅದು ಹನ್ನೊಂದು ವರ್ಷದ ಹಿಂದಿನ ಮಾತು. ನಾನು ನರ್ಸಿಂಗ್ ಮುಗಿಸಿ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಐಸಿಯುಗೆ ಸೇರಿ ಎಂಟು ತಿಂಗಳಾಗಿತ್ತು. ನಮ್ಮ ಮನೆ ಧಾರವಾಡದಲ್ಲಿ. ಅಪ್ಪ ಸಾಲಿಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಹಾಡುವ ಮನೆತನದ ಹುಡುಗಿ ಕಂಡವರ ಕಫ ಎಳೆಯುವ ಕೆಲಸಕ್ಕೆ ಹೋಗುತ್ತಾಳೆ ಎಂದು ನಮ್ಮ ಸೋದರತ್ತೆ ಊರ ತುಂಬ ಹೇಳಿಕೊಂಡು ಬಂದಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಗೆ ಬರುವುದು, ಎಂಟು ಗಂಟೆಗೆ ಪಾಳಿಗೆ ನಿಲ್ಲುವುದು, ಉಸಿರಾಟದ ಯಂತ್ರಕ್ಕೆ ಹಾಕಿದವರ ಗಂಟಲ ನಳಿಕೆಯಿಂದ ಕಫ ಎಳೆಯುವುದು, ಬಾಯಿ ಸ್ವಚ್ಛ ಮಾಡುವುದು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ಆ ವರ್ಷದ ಮಳೆಯೂ ಧೋ ಎಂದು ಸುರಿದು ಮುಗಿಸುವ ಜಾತಿಯದಲ್ಲ. ಬೆಳಿಗ್ಗೆ ಹನಿಯಲು ಶುರು ಮಾಡಿದರೆ ಸಂಜೆಯವರೆಗೂ ಹನಿಯುತ್ತಿತ್ತು. ಒಣಗದ ಯೂನಿಫಾರ್ಮನ್ನು ಇಸ್ತ್ರಿಯಿಂದ ಒಣಗಿಸಿ ಹಾಕಿಕೊಂಡು ಹೋಗುತ್ತಿದ್ದೆ.

ಖಾದರಸಾಬರು ಬಂದದ್ದು ಮಳೆಗಾಲದ ಶುರುವಿಗೆ. ಬೆಂಗೇರಿಯಲ್ಲಿ ಮನೆ, ಗೋಕುಲ ರಸ್ತೆಯಲ್ಲಿ ಅಂಗಡಿ, ಮೂವತ್ತು ವರ್ಷ ಗಾಲಿಗಳಿಗೆ ಗಾಳಿ ತುಂಬಿದ ಮನುಷ್ಯ. ಒಂದು ದಿನ ಬೆಳಿಗ್ಗೆ ಕಾಲು ಜೋಮು ಹಿಡಿದಿದೆ ಎಂದರಂತೆ. ಮರುದಿನ ಎದ್ದು ನಿಲ್ಲಲಾಗಲಿಲ್ಲ. ಅದರ ಮರುದಿನ ಕೈ. ಆಸ್ಪತ್ರೆಗೆ ತರುವಷ್ಟರಲ್ಲಿ ಎದೆಯೂ ಸೋಲತೊಡಗಿತ್ತು. ನರಗಳ ರೋಗ, ನರಗಳು ತಾವಾಗಿ ಸುಧಾರಿಸುತ್ತವೆ, ಆದರೆ ಅದಕ್ಕೆ ವಾರಗಳೋ ತಿಂಗಳುಗಳೋ ಬೇಕು, ಅಲ್ಲಿಯವರೆಗೆ ಉಸಿರನ್ನು ಯಂತ್ರವೇ ಆಡಬೇಕು ಎಂದರು ನಮ್ಮ ಡಾಕ್ಟರು. ಬಾಯಿಂದ ನಳಿಕೆ ಇಳಿಸಿ ಯಂತ್ರಕ್ಕೆ ಜೋಡಿಸಿದರು. ಮೈಯಲ್ಲಿ ಒಂದು ಬೆರಳೂ ಅಲುಗುತ್ತಿರಲಿಲ್ಲ, ಮಾತಂತೂ ಇಲ್ಲವೇ ಇಲ್ಲ. ಆದರೆ ಎಚ್ಚರ ಪೂರಾ ಇತ್ತು, ಕಣ್ಣು ಆಡುತ್ತಿದ್ದವು. ಒಂದು ಸಲ ರೆಪ್ಪೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಅಲ್ಲ. ಅಷ್ಟೇ ನಮ್ಮ ಭಾಷೆ.

ಆ ಕಣ್ಣುಗಳೋ, ಮೇಸ್ತ್ರಿಯ ಕಣ್ಣು! ಯಂತ್ರವನ್ನು ಬಿಟ್ಟು ಅಲುಗುತ್ತಿರಲಿಲ್ಲ. ಗಾಳಿಯ ಕೊಳವೆಯಲ್ಲಿ ಹಬೆ ನೀರಾಗಿ ನಿಂತು ಯಂತ್ರ ಕೂಗಿಕೊಂಡರೆ ನಾನು ಓಡಿಬಂದು ಅಲ್ಲಿ ಇಲ್ಲಿ ಹುಡುಕುತ್ತಿದ್ದೆ. ಖಾದರಸಾಬರ ದೃಷ್ಟಿ ಅಷ್ಟರಲ್ಲಿ ನೀರು ನಿಂತ ತಗ್ಗಿನ ಮೇಲೆಯೇ ಇರುತ್ತಿತ್ತು. ನಾಕನೇ ದಿನಕ್ಕೆ ನಾನು ಯಂತ್ರ ನೋಡುವುದನ್ನು ಬಿಟ್ಟು ಮೊದಲು ಅವರ ಕಣ್ಣು ನೋಡುವ ರೂಢಿ ಮಾಡಿಕೊಂಡೆ. ಅವರನ್ನು ಕಾಕಾ ಎಂದು ಕರೆಯತೊಡಗಿದ್ದೂ ಆಗಲೇ.

ಹತ್ತು ದಿನವಾದ ಮೇಲೆ, ಬಾಯಿಯ ನಳಿಕೆ ಬಹಳ ದಿನ ಇಡುವಂತಿಲ್ಲ, ಕುತ್ತಿಗೆಯಲ್ಲಿ ಸಣ್ಣ ರಂಧ್ರ ಮಾಡಿ ಅಲ್ಲಿಂದ ನಳಿಕೆ ಕೂಡಿಸಬೇಕು ಎಂದರು ಡಾಕ್ಟರು. ಕಾಕಾನ ಹೆಂಡತಿ ಜುಲೇಖಾಬಿ ವರಾಂಡದ ಬೆಂಚಿನ ಮೇಲೆ ಕೂತಿದ್ದರು. ನಾನು ಹೊರಗೆ ಬಂದದ್ದೇ ತಡ, ಕೈ ಹಿಡಿದುಕೊಂಡರು.

"ಸಿಸ್ಟರ್, ಕುತ್ತಿಗಿಗೆ ತೂತ ಹಾಕತಾರಂತಲ್ರಿ. ಮುಂದ ಅವರಿಗೆ ಮಾತಾಡಾಕ ಬರತೈತೇನ್ರಿ?"

"ಬರತದ ಚಾಚಿ. ಎದಿಯಾಗ ಶಕ್ತಿ ಬಂದ ಮ್ಯಾಲೆ ನಳಿಕಿ ತಗೀತಾರ. ತೂತು ತಾನ ಮುಚ್ಚತದ. ಮಾತೂ ಬರತದ."

"ನೀ ಹೇಳಿದಿ ಅಂತ ಸಹಿ ಮಾಡತೇನವ್ವಾ."

ಡಾಕ್ಟರು ಅರ್ಧ ತಾಸು ತಿಳಿಸಿ ಹೇಳಿದ್ದರು. ಸಹಿ ಮಾಡಿದ್ದು ಮಾತ್ರ ಎಂಟು ತಿಂಗಳ ಅನುಭವದ ನನ್ನ ಮಾತಿನ ಮೇಲೆ. ಆಗ ನನಗೆ ಅದರಿಂದ ಹೆಮ್ಮೆಯಾಯಿತು.

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕುತ್ತಿಗೆಯೊಳಗೆ ಹೋಗುವ ಆ ನಳಿಕೆಯ ತುದಿಯ ಸುತ್ತ ಒಂದು ಸಣ್ಣ ಬಲೂನು ಇರುತ್ತದೆ. ಹೊರಗಿನಿಂದ ಸಿರಿಂಜಿನಲ್ಲಿ ಗಾಳಿ ಹಾಕಿದರೆ ಅದು ಉಬ್ಬಿ ಉಸಿರಿನ ದಾರಿಗೆ ಸರಿಯಾಗಿ ಕೂರುತ್ತದೆ. ಗಾಳಿ ಕಡಿಮೆಯಾದರೆ ಯಂತ್ರದ ಗಾಳಿ ಪಕ್ಕದಿಂದ ಸೋರುತ್ತದೆ, ಬಾಯಿಯ ಜೊಲ್ಲು ಪುಪ್ಪುಸಕ್ಕೆ ಇಳಿಯುತ್ತದೆ. ಹೆಚ್ಚಾದರೆ ಒಳಗಿನ ಎಳೆಯ ಪದರ ಒತ್ತಿ ಹುಣ್ಣಾಗುತ್ತದೆ. ಬಲೂನಿನೊಳಗೆ ಎಷ್ಟು ಗಾಳಿ ಇದೆಯೆಂದು ತಿಳಿಯಲು ಹೊರಗೆ ತೆಳ್ಳನೆಯ ಕೊಳವೆಯ ತುದಿಗೆ ಹುಣಸೆಬೀಜಕ್ಕಿಂತ ತುಸು ದೊಡ್ಡ ಇನ್ನೊಂದು ಬುರುಡೆ ಜೋತಾಡುತ್ತಿರುತ್ತದೆ. ಅದಕ್ಕೆ ಮೀಟರ್ ಹಚ್ಚಿ ನೋಡಬೇಕು. ಮುಳ್ಳು ಇಪ್ಪತ್ತರ ಕೆಳಗೆ ಇಳಿಯಬಾರದು, ಮೂವತ್ತು ದಾಟಬಾರದು.

ನಮ್ಮಲ್ಲೂ ಒಂದು ಮೀಟರ್ ಇತ್ತು. ಎಲ್ಲಿತ್ತು? ಕಪಾಟಿನಲ್ಲಿ. ನಮ್ಮ ಕಡೆ ಮನೆಗೆ ಒಳ್ಳೆಯ ಕಪ್ಪುಬಸಿ ತಂದರೆ ಏನು ಮಾಡುತ್ತೇವೆ? ಬೀಗರು ಬಂದಾಗ ತೆಗೆದರಾಯಿತೆಂದು ಮೇಲೆ ಇಟ್ಟುಬಿಡುತ್ತೇವೆ, ಬೀಗರು ಬಂದ ದಿನ ಕೈತಪ್ಪಿ ಒಡೆದೀತೆಂದು ಆಗಲೂ ತೆಗೆಯುವುದಿಲ್ಲ. ನಮ್ಮ ಹೆಡ್ ಸಿಸ್ಟರ್ ಶಾಂತಾ ಆ ಮೀಟರಿಗೆ ಅದೇ ಮರ್ಯಾದೆ ಕೊಟ್ಟಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ತಪಾಸಣೆಗೆ ಯಾರಾದರೂ ಬಂದರೆ ಮಾತ್ರ ಅದರ ಮುಖ ಕಾಣುತ್ತಿತ್ತು. ಮಿಕ್ಕ ದಿನಗಳಲ್ಲಿ ನಾವೆಲ್ಲ ಬುರುಡೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ನೋಡುತ್ತಿದ್ದೆವು. ಮೆತ್ತಗೆ ಅನ್ನಿಸಿದರೆ ಇನ್ನಷ್ಟು ಗಾಳಿ. "ಶೈಲಾ, ನಿನ್ನ ಹೆಬ್ಬಟ್ಟು ಛಲೋ ಐತಿ" ಎಂದು ಶಾಂತಾ ಸಿಸ್ಟರ್ ಒಮ್ಮೆ ಹೊಗಳಿದ್ದರು. ಅದನ್ನು ಮನೆಗೆ ಹೋಗಿ ಅಪ್ಪನಿಗೂ ಹೇಳಿದ್ದೆ.

ಕುತ್ತಿಗೆಗೆ ನಳಿಕೆ ಕೂಡಿಸಿದ ಮೇಲೆ ದಿನಾ ಬೆಳಿಗ್ಗೆ ಪಾಳಿಗೆ ಬಂದ ಕೂಡಲೇ ಕಾಕಾನ ಬುರುಡೆ ಒತ್ತುತ್ತಿದ್ದೆ. ಒತ್ತಿದ ಕೂಡಲೇ ಕಾಕಾ ಎರಡು ಸಲ ಕಣ್ಣು ಮುಚ್ಚುತ್ತಿದ್ದರು. ಅಲ್ಲ.

"ನೋವಾಗ್ತದೇನು ಕಾಕಾ?" ಅಲ್ಲ.

"ನಳಿಕಿ ಬ್ಯಾಡೇನು?" ಅಲ್ಲ.

"ನಾ ಮುಟ್ಟೂದ ಬ್ಯಾಡೇನು?" ಈ ಸಲ ಕಣ್ಣು ಮುಚ್ಚಲೇ ಇಲ್ಲ, ನನ್ನನ್ನೇ ದುರುಗುಟ್ಟಿ ನೋಡಿದರು.

ನನಗೂ ಸಿಟ್ಟು ಬಂತು. ಇಷ್ಟು ಮಾಡಿದರೂ ಈ ಮನುಷ್ಯನಿಗೆ ಸಮಾಧಾನವಿಲ್ಲವಲ್ಲ ಎಂದುಕೊಂಡೆ. ಐದನೇ ದಿನ ನಾಕು ಗಂಟೆಯ ಭೇಟಿಯ ವೇಳೆಗೆ ಜುಲೇಖಾಬಿ ಒಳಗೆ ಬಂದಾಗ ಚಾಡಿ ಹೇಳಿಯೇಬಿಟ್ಟೆ: "ಚಾಚಿ, ಕಾಕಾಗ ನನ್ನ ಮ್ಯಾಲೆ ಸಿಟ್ಟು ಬಂದದ ನೋಡ್ರಿ. ನಾ ಇಷ್ಟ ಮಾಡೂದು, ಅವರು ಬ್ಯಾಡ ಅನ್ನೂದು." ಹೇಳುತ್ತಲೇ ಬುರುಡೆ ಒತ್ತಿ ತೋರಿಸಿದೆ. ಕಾಕಾ ಎರಡು ಸಲ ಕಣ್ಣು ಮುಚ್ಚಿದರು.

ಜುಲೇಖಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅತ್ತರೇನೋ ಅಂದುಕೊಂಡೆ, ನಗುತ್ತಿದ್ದರು. ಆಸ್ಪತ್ರೆಗೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಯ್ಯ ನಮ್ಮವ್ವಾ! ಅಂಗಡ್ಯಾಗ ಯಾರರ ಹಿಂಗ ಹೆಬ್ಬಟ್ಟಿಲೆ ಒತ್ತಿ ಗಾಳಿ ನೋಡಿದ್ರ ಇವರು ಗಾಲಿ ಬಿಚ್ಚೋ ಪಾನಾ ಹಿಡಕೊಂಡು ಬೆನ್ನ ಹತ್ತತಿದ್ರು. ಹೆಬ್ಬಟ್ಟು ಸುಳ್ಳ ಹೇಳತೈತಿ, ಮೀಟರ್ ಹಚ್ಚು ಅಂತಿದ್ರು. ಹೌದಲ್ರಿ?"

ಕಾಕಾ ಒಂದೇ ಸಲ, ಬಹಳ ಹೊತ್ತು, ಕಣ್ಣು ಮುಚ್ಚಿದರು. ತೆರೆದಾಗ ಆ ಕಣ್ಣಲ್ಲಿ ಗೆದ್ದವರ ಕಳೆ ಇತ್ತು.

ಭೇಟಿಯ ವೇಳೆ ಮುಗಿದು ಜುಲೇಖಾಬಿ ಹೊರಗೆ ಹೋದ ಮೇಲೆ ಶಾಂತಾ ಸಿಸ್ಟರ್ ಹತ್ತಿರ ಕೀಲಿ ಕೇಳಿದೆ. "ಇಪ್ಪತ್ತು ವರ್ಷ ಆತು ನಾ ಈ ಕೆಲಸಕ್ಕ ಬಂದು. ಈಗ ಪೇಶಂಟ್ ಹೇಳಿಕೊಡತಾನೇನು ನಮಗ?" ಎಂದರು. ಆದರೂ ಗೊಣಗುತ್ತಲೇ ಕಪಾಟು ತೆಗೆದರು. ಚೀಲ ಬಿಚ್ಚಿ, ಬುರುಡೆಗೆ ಹಚ್ಚಿದೆವು. ಮುಳ್ಳು ಇಪ್ಪತ್ತು ದಾಟಿತು, ಮೂವತ್ತು ದಾಟಿತು, ಎಪ್ಪತ್ತರ ಹತ್ತಿರ ಹೋಗಿ ನಿಂತಿತು.

ದಿನಾ ಬೆಳಿಗ್ಗೆ ಇರಲಿ ಎಂದು ಒಂದಿಷ್ಟು, ಇರಲಿ ಎಂದು ಒಂದಿಷ್ಟು ಹಾಕಿದವಳು ನಾನೇ. ಕೂಡಲೇ ಗಾಳಿ ಇಳಿಸಿದೆವು. ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಒಳಗೆ ನೋಡಿದರು. "ಸುತ್ತಲೂ ಬಳಿ ಹಾಕಿದಂಗ ಗಾಯ ಆಗ್ಯದ. ಮಾಯತದ. ಆದರ ಮಾಯೋ ಮುಂದ ಬಿಗಿದು ಉಸರಿನ ದಾರಿ ಸಣ್ಣ ಆದರೂ ಆಗಬಹುದು. ಹಂಗಾದರ ನಳಿಕಿ ತಗಿಯೂದು ಕಷ್ಟ. ಈಗ ಹೇಳಲಿಕ್ಕೆ ಬರೂದಿಲ್ಲ" ಎಂದರು.

ನಳಿಕೆ ತೆಗೆಯುತ್ತಾರೆ, ಮಾತು ಬರುತ್ತದೆ ಎಂದು ಮಾತು ಕೊಟ್ಟವಳು ನಾನು. ಬಟ್ಟೆಗಳ ಕೋಣೆಗೆ ಹೋಗಿ ಚಾದರಗಳ ನಡುವೆ ನಿಂತು ಅತ್ತೆ. ಶಾಂತಾ ಸಿಸ್ಟರ್ ಹುಡುಕಿಕೊಂಡು ಬಂದರು.

"ಮನಿ ಮಂದಿಗೆ ಹೇಳಬೇಕಲ್ರಿ ಸಿಸ್ಟರ್?"

"ಅದನ್ನ ನಾ ನೋಡ್ಕೋತೇನಿ. ನೀ ಮಾರಿ ತೊಳಕೊಂಡು ಡ್ಯೂಟಿಗೆ ನಡಿ."

ನೋಡಿಕೊಳ್ಳುತ್ತೇನೆ ಎಂದರೆ ಮುಚ್ಚಿಹಾಕುತ್ತೇನೆ ಎಂದೇ ನಾನು ಅರ್ಥ ಮಾಡಿಕೊಂಡೆ. ಅವರ ಬಗ್ಗೆ ಮನಸ್ಸಿನಲ್ಲೇ ಹಗುರವಾಗಿ ಆಡಿಕೊಂಡೆ. ಹಾಗಂತ ನಾನೇ ಹೋಗಿ ಜುಲೇಖಾಬಿಗೆ ಹೇಳುವ ಧೈರ್ಯವನ್ನೂ ಮಾಡಲಿಲ್ಲ.

ಕಾಕಾಗೆ ಮಾತ್ರ ಮರುದಿನ ಬೆಳಿಗ್ಗೆ ಹೇಳಿದೆ. ಓಡಿಹೋಗಲಾರದ ಮನುಷ್ಯನ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭ ಅಂದುಕೊಂಡಿದ್ದೆ, ಚಾದರವನ್ನು ಎರಡೆರಡು ಸಲ ಸರಿಮಾಡಿದ ಮೇಲೆ ಬಾಯಿ ಬಿಟ್ಟೆ. "ಕಾಕಾ, ಗಾಳಿ ಭಾಳ ಹಾಕಿದ್ದೆ. ನಂದ ತಪ್ಪು." ಒಂದು ಸಲ ಕಣ್ಣು ಮುಚ್ಚಿದರು. ಆಮೇಲೆ ಆ ಕಣ್ಣು ನಿಧಾನವಾಗಿ ಗೋಡೆಯ ಕಡೆ ತಿರುಗಿತು. ಅಲ್ಲಿ, ಮೊಳೆಯಲ್ಲಿ, ಬ್ಯಾಂಡೇಜಿನ ಪಟ್ಟಿಯಿಂದ ಕಟ್ಟಿದ ಮೀಟರ್ ನೇತಾಡುತ್ತಿತ್ತು. ಶಾಂತಾ ಸಿಸ್ಟರ್ ಯಾವಾಗ ನೇತುಹಾಕಿದ್ದರೋ! ತೆಗೆದುಕೊಂಡು ಹಚ್ಚಿದೆ. ಇಪ್ಪತ್ತೈದು. ಕಾಕಾಗೆ ತೋರಿಸಿದೆ. ನೋಡಿದರು, ಕಣ್ಣು ಮುಚ್ಚಿದರು, ಹಾಗೇ ನಿದ್ದೆ ಹೋದರು.

ಆ ವಾರದಿಂದ ನನಗೆ ಊಟ ಸೇರದಾಯಿತು. ಮನೆಯಿಂದ ಕಟ್ಟಿಕೊಂಡು ಬಂದ ಡಬ್ಬಿ ತೆರೆಯದೇ ವಾಪಸು ಹೋಗುತ್ತಿತ್ತು. ಅದೇ ಹೊತ್ತಿಗೆ ಜುಲೇಖಾಬಿ ನಾಕು ಗಂಟೆಗೆ ಬರುವಾಗ ಅರಿವೆಯಲ್ಲಿ ಸುತ್ತಿದ ಎರಡು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ತರತೊಡಗಿದರು. ವರಾಂಡದ ಬೆಂಚಿನ ಮೇಲೆ ಕೂಡಿಸಿ, "ಉಣ್ಣವ್ವಾ, ಎಷ್ಟ ಬಡವಾಗಿದಿ" ಎಂದು ಮೊದಲ ತುತ್ತು ಬಾಯಿಗೆ ಹೋಗುವವರೆಗೂ ಎದುರಿಗೇ ನಿಲ್ಲುತ್ತಿದ್ದರು. ಯಾರ ಗಂಟಲಿಗೆ ಗಾಯ ಮಾಡಿದ್ದೆನೋ ಅವರ ಮನೆಯ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುವುದು ಎಷ್ಟು ಕಷ್ಟವಾಯಿತೆಂದು ಹೇಗೆ ಹೇಳಲಿ? ಆದರೂ ಇಳಿಯಿತು. ರೊಟ್ಟಿ ಬಹಳ ಚೆನ್ನಾಗಿತ್ತು. ಪಂಚಮಿಗೆ ನಾನು ಮನೆಯಿಂದ ಶೇಂಗಾ ಉಂಡಿ ಒಯ್ದು ಕೊಟ್ಟೆ.

ಕಾಕಾನ ಮೈಯಲ್ಲಿ ಮೊದಲು ಅಲುಗಿದ್ದು ಬಲಗೈಯ ಹೆಬ್ಬೆರಳು, ಪಂಚಮಿಯ ಮರುದಿನ. ಆಮೇಲೆ ಒಂದೊಂದೇ ಬೆರಳು, ಮೊಣಕೈ, ಹೆಗಲು. ಎದೆಯಲ್ಲೂ ಶಕ್ತಿ ಬರತೊಡಗಿತು. ದಿನಕ್ಕೆ ಸ್ವಲ್ಪ ಹೊತ್ತು ಯಂತ್ರ ಬಿಡಿಸಿ, ನಳಿಕೆಯ ಬಾಯಿಗೆ ಬರೀ ಆಕ್ಸಿಜನ್ ಕೊಟ್ಟು, ಉಸಿರನ್ನು ಅವರೇ ಆಡುವಂತೆ ಬಿಡಬೇಕು. ಮೊದಲ ಮೂರು ದಿನ ಐದು ನಿಮಿಷವೂ ಆಗಲಿಲ್ಲ. ಬೆವರು ಕಿತ್ತುಕೊಂಡು ಬರುತ್ತಿತ್ತು, ಕಣ್ಣಲ್ಲಿ ಹೆದರಿಕೆ. ಹೆದರಿದಷ್ಟೂ ಉಸಿರು ಗಿಡ್ಡ. ಮತ್ತೆ ಯಂತ್ರಕ್ಕೆ ಹಾಕುತ್ತಿದ್ದೆವು.

ಮನೆಯಲ್ಲಿ ಅಪ್ಪನ ಮುಂದೆ ಹೇಳಿಕೊಂಡೆ. ಅವರು ತಂಬೂರಿ ಒರೆಸುತ್ತ ಕೇಳಿದರು: "ಅವರು ಉಸರು ತಗೊಳ್ಳೋ ಮುಂದ ನೀ ಏನು ಮಾಡ್ತಿ?"

"ಎದುರಿಗೇ ನಿಂತು ನೋಡ್ತೀನಿ. ಎದಿ ಏರೂದು, ಇಳಿಯೂದು."

"ಅದಕ್ಕ ನೋಡು. ಸಾಲ್ಯಾಗ ಹುಡುಗರು ಹಾಡೋ ಮುಂದ ನಾ ಅವರ ಮಾರಿ ನೋಡತಿದ್ದಿಲ್ಲ. ಮಾಸ್ತರು ನೋಡ್ಲಿಕತ್ತಾರ ಅಂದ್ರ ಉಸರು ಸಾಲೂದಿಲ್ಲ. ಕಿವಿ ಅಲ್ಲಿಡು, ಕಣ್ಣು ಬ್ಯಾರೆ ಕಡೆ ಇಡು."

ಮರುದಿನ ಕಾಕಾನ ಮಗ್ಗುಲಲ್ಲಿ ಸ್ಟೂಲು ಹಾಕಿಕೊಂಡು ಅರ್ಧ ಬೆನ್ನು ತಿರುಗಿಸಿ ಕೂತೆ. ಹತ್ತಿಬಟ್ಟೆಯ ತುಂಡು ಮಡಚುತ್ತ ಗೋಕುಲ ರಸ್ತೆಯ ಸುದ್ದಿ ಶುರು ಮಾಡಿದೆ. ಎಲ್ಲಿ ಗುಂಡಿ ಬಿದ್ದಿದೆ, ಯಾವ ಲಾರಿಯ ಗಾಲಿ ಹುಗಿದುಕೊಂಡಿದೆ, ಎದುರು ಅಂಗಡಿಯವರು ಹೇಗೆ ಹೆಬ್ಬೆರಳಿನಿಂದಲೇ ಗಾಳಿ ನೋಡಿ ಗಿರಾಕಿಗಳನ್ನು ಕಳಿಸುತ್ತಿದ್ದಾರೆ ಎಂದೆಲ್ಲ. ಕೊನೆಯದು ನಾನೇ ಕಟ್ಟಿದ ಸುಳ್ಳು. ಕಾಕಾಗೆ ಸಿಟ್ಟು ಬಂದು ಹೆದರುವುದೇ ಮರೆತುಹೋಯಿತು. ಕಿವಿ ಮಾತ್ರ ಅವರ ಉಸಿರಿನ ಮೇಲಿಟ್ಟಿದ್ದೆ, ಕಣ್ಣಂಚಿನಲ್ಲಿ ಮಾನಿಟರು ಇತ್ತು. ಇಪ್ಪತ್ತು ನಿಮಿಷ ಆಯಿತು. ಮರುದಿನ ಮುಕ್ಕಾಲು ತಾಸು. ಎರಡು ವಾರದಲ್ಲಿ ಹಗಲೆಲ್ಲ ಯಂತ್ರವಿಲ್ಲದೆ ಇದ್ದರು, ಆಮೇಲೆ ಯಂತ್ರವನ್ನೇ ಬೇರೆಯವರ ಹತ್ತಿರ ಒಯ್ದರು. ಹೋಗುವಾಗ ಅದನ್ನು ಕಾಕಾ ಬಾಗಿಲವರೆಗೂ ಕಣ್ಣಿನಲ್ಲೇ ಕಳಿಸಿಕೊಟ್ಟರು.

ಇನ್ನು ಉಳಿದದ್ದು ನಾನು ಮಾಡಿದ ಗಾಯ. ಅದು ಮಾಯುವಾಗ ಬಿಗಿದಿದ್ದರೆ ಬಲೂನು ಇಳಿಸಿದರೂ ನಳಿಕೆಯ ಪಕ್ಕದಿಂದ ಗಾಳಿ ಮೇಲೆ ಬರುವುದಿಲ್ಲ. ಬರದಿದ್ದರೆ ಮಾತೂ ಇಲ್ಲ, ನಳಿಕೆ ತೆಗೆಯುವುದೂ ಇಲ್ಲ. ಚೌತಿಯ ಹಿಂದಿನ ದಿನ ಪರೀಕ್ಷೆ. ಹೊರಗೆ ಗಣಪತಿ ತರುವವರ ಝಾಂಜ್ ಸದ್ದು ಆಗಲೇ ಶುರುವಾಗಿತ್ತು. ಡಾಕ್ಟರು ಜುಲೇಖಾಬಿಯನ್ನೂ ಒಳಗೆ ಕರೆಸಿದರು. ಬಾಯಿ, ಗಂಟಲು ಎಲ್ಲ ಸ್ವಚ್ಛ ಮಾಡಿ, ಸಿರಿಂಜಿನಿಂದ ಬಲೂನಿನ ಗಾಳಿ ಪೂರಾ ತೆಗೆದರು. ಶಾಂತಾ ಸಿಸ್ಟರ್ ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡರು.

"ಶೈಲಾ, ನಳಿಕಿ ಬಾಯಿಗೆ ಬೆರಳು ಇಡು" ಎಂದರು ಡಾಕ್ಟರು.

ಕೈಗವಸು ಹಾಕಿದ ನನ್ನ ಹೆಬ್ಬೆರಳನ್ನು ಇಟ್ಟೆ. ಕಾಕಾನ ಎದೆ ಏರಿತು. ಇಳಿಯಿತು. ಸದ್ದಿಲ್ಲ. ಇನ್ನೊಮ್ಮೆ ಏರಿತು. ಬೆರಳು ತೆಗೆದುಬಿಡಬೇಕೆನ್ನಿಸಿತು. "ತಡಿ. ಅವರ ಕಣ್ಣು ನೋಡು, ಹೆದರಿಲ್ಲ ಅವರು" ಎಂದರು ಶಾಂತಾ ಸಿಸ್ಟರ್ ನನ್ನ ಕಿವಿಯಲ್ಲಿ. ಜುಲೇಖಾಬಿಯ ತುಟಿ ಮಾತ್ರ ಅಲುಗುತ್ತಿತ್ತು. ಆಗ ಕಾಕಾನ ತುಟಿಗಳ ನಡುವಿನಿಂದ ಸಣ್ಣಗೆ ಗಾಳಿ ಬಂತು, ಹಿಂದೆಯೇ ಒಂದು ಕೆಮ್ಮು, ಅದರ ಹಿಂದೆ ಎರಡೂವರೆ ತಿಂಗಳು ಒಳಗೇ ಇದ್ದ ಒಂದು ಒರಟು ದನಿ.

"ಮೀಟರ್... ಹಚ್ಚಿದ್ಯಾ?"

ಡಾಕ್ಟರು ಗೋಡೆಗೆ ಕೈಯೂರಿಕೊಂಡು ನಕ್ಕರು. ಜುಲೇಖಾಬಿ ನಕ್ಕರೋ ಅತ್ತರೋ ಅವರಿಗೇ ಗೊತ್ತಾಗಲಿಲ್ಲ. ಶಾಂತಾ ಸಿಸ್ಟರ್ ಮಾತ್ರ ಅವಸರದಲ್ಲಿ ಹೊರಗೆ ಹೋದರು. ಬಟ್ಟೆಗಳ ಕೋಣೆಗೇ ಹೋಗಿದ್ದರೆಂದು ಆಮೇಲೆ ತಿಳಿಯಿತು.

ಕೆಲವು ದಿನಗಳಲ್ಲಿ ನಳಿಕೆ ತೆಗೆದರು. ರಂಧ್ರ ತಾನಾಗಿ ಮುಚ್ಚಿತು. ದಸರೆಗೆ ಕಾಕಾ ಕೋಲು ಹಿಡಿದು ಬೆಂಗೇರಿಯ ಮನೆಯಲ್ಲಿ ನಡೆದಾಡಿದರು, ಮುಂದಿನ ಬೇಸಿಗೆಗೆ ಅಂಗಡಿಗೆ ಬಂದರು. ಗಾಯ ಮಾಯ್ದಿತ್ತು, ಆದರೆ ದಾರಿ ಒಂದಿಷ್ಟು ಬಿಗಿದಿತ್ತು. ಅದಕ್ಕೇನೂ ಮಾಡಬೇಕಾಗಿಲ್ಲ ಎಂದರು ಡಾಕ್ಟರು. ಈಗಲೂ ಮೆಟ್ಟಿಲು ಹತ್ತಿದರೆ ಅವರ ಉಸಿರಿನ ತುದಿಗೆ ಒಂದು ಸಣ್ಣ ಸೀಟಿ ಕೇಳುತ್ತದೆ. ಅವರು ಅದನ್ನು ಹಾರ್ನು ಎನ್ನುತ್ತಾರೆ. ನನಗೆ ಅದು ಕೇಳಿದಾಗಲೆಲ್ಲ ಹೆಬ್ಬೆರಳು ಬೆಚ್ಚಗಾಗುತ್ತದೆ.

ಈಗ ನಮ್ಮ ಐಸಿಯುನಲ್ಲಿ ಮೀಟರಿಗೆ ಕೀಲಿಯಿಲ್ಲ. ಹೊಸ ಹುಡುಗಿಯರು ಬುರುಡೆ ಒತ್ತಿ ನೋಡಲು ಹೋದರೆ ನಾನು ಗದರುತ್ತೇನೆ. ಹಿಂದಿನಿಂದ ನನಗೆ ಏನೋ ಅಡ್ಡಹೆಸರು ಇಟ್ಟಿದ್ದಾರೆ, ಇಟ್ಟುಕೊಳ್ಳಲಿ. ಶಾಂತಾ ಸಿಸ್ಟರ್ ನಿವೃತ್ತರಾಗಿ ಶಿರಗುಪ್ಪಿಯ ತಮ್ಮನ ಮನೆಯಲ್ಲಿದ್ದಾರೆ. ನಾಕು ವರ್ಷದಲ್ಲಿ ಒಮ್ಮೆಯೂ ನಾನು ಹೋಗಿ ನೋಡಿಲ್ಲ. ಮುಚ್ಚಿಹಾಕಿದರು ಎಂಬ ಆ ಹಳೆಯ ಕಹಿ ಎಲ್ಲೋ ಒಂದು ಮೂಲೆಯಲ್ಲಿ ಉಳಿದಿತ್ತು.

ಹೋದ ವಾರ ಕಾಕಾ ನನ್ನ ಗಾಲಿಯ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ಈಗ ಅವರು ಅಂಗಡಿಯ ಹಿಂದೆಯೇ ಮನೆ ಮಾಡಿಕೊಂಡಿದ್ದಾರೆ; ಜುಲೇಖಾಬಿ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕಾಕಾ ಎದ್ದು ಒಳಗಿನ ಮೆಟ್ಟಿಲು ಹತ್ತಿದಾಗ ಆ ಸೀಟಿ ಕೇಳಿತು. ನನಗೆ ತಡೆಯಲಾಗಲಿಲ್ಲ.

"ಚಾಚಿ, ಒಂದು ಮಾತು ಹೇಳೂದದ. ಹನ್ನೊಂದು ವರ್ಷ ಆತು, ಹೇಳಿಲ್ಲ. ಕಾಕಾನ ಉಸರಿಗೆ ಈ ಸೀಟಿ ಬಂದದ್ದು ನನ್ನ ಕೈಯಿಂದ. ಗಾಳಿ ಭಾಳ ಹಾಕಿ ಗಾಯ ಮಾಡಿದ್ದೆ."

ಅವರು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ ಬಿಡವ್ವಾ. ಶಾಂತಾ ಸಿಸ್ಟರ್ ಅವತ್ತ ಸಂಜೀಕ ಹೇಳಿದ್ರು. ಬೆಂಚಿನ ಮ್ಯಾಲೆ ನನ್ನ ಬಾಜೂಕ ಕುಂತು, ಕೀಲಿ ನನ್ನ ಹಂತ್ಯಾಕ ಇತ್ತು, ತಪ್ಪು ನಂದು, ಹುಡುಗೀನ ಏನೂ ಅನಬ್ಯಾಡ್ರಿ ಅಂತ ಅತ್ತರು."

"ಗೊತ್ತಿದ್ದೂ ನನಗ ರೊಟ್ಟಿ ತರತಿದ್ರಿ?"

"ಮತ್ತ? ಸಿಟ್ಟು ಬಂದಿತ್ತು, ಇಲ್ಲಂತ ಅಲ್ಲ. ಆದರ ನೀ ಉಣ್ಣೂದು ಬಿಟ್ಟಿದ್ದಿ. ನಿನ್ನ ಕೈ ಸೋತ್ರ ಅವರ ಉಸರು ಯಾರು ನೋಡಬೇಕಿತ್ತು?"

ಕಾಕಾ ಕೆಳಗಿಳಿದು ಬಂದು ಗಾಲಿ ಕೂಡಿಸಿದರು. ಕಂಪ್ರೆಸರ್ ಬುಸ್ಸೆಂದಿತು. ನಾನು ಕಣ್ಣು ಒರೆಸಿಕೊಂಡು, ಸುಮ್ಮನಿರಲಾರದೆ, ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ.

"ಏ, ಕೈ ತಗಿ!" ಎಂದರು ಕಾಕಾ ಅದೇ ಒರಟು ದನಿಯಲ್ಲಿ.

"ಸರಿಯಾಗಿ ನೋಡ್ರಿ ಕಾಕಾ. ಶಿರಗುಪ್ಪಿ ತನಕಾ ಹೋಗಬೇಕಾಗ್ಯದ" ಎಂದೆ.

ಕಾಕಾ ಬಾಗಿ ಮೀಟರ್ ಹಚ್ಚಿದರು. ಜುಲೇಖಾಬಿ ಬೆಳ್ಳುಳ್ಳಿಯ ಮೊರ ಕೆಳಗಿಟ್ಟು, ಶಾಂತಾ ಸಿಸ್ಟರಿಗೂ ಎರಡು ರೊಟ್ಟಿ ಕಟ್ಟಿಕೊಡುತ್ತೇನೆ ಎಂದು ಒಳಗೆ ಹೋದರು.